ಮೂಲೆಯ ಸಹಿ

ಆರ್ಕಿಟೆಕ್ಟ್ ಪ್ರಹ್ಲಾದ ದೇಸಾಯಿಯವರ ಆಫೀಸಿನಲ್ಲಿ ಮರುಳಸಿದ್ದ ನಕ್ಷೆ ಬಿಡಿಸುವ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ಮನೆ ಹೇಗಿರಬೇಕೆಂದು ಯೋಚಿಸುವವನೂ ಅವನೇ, ಬಿಡಿಸುವವನೂ ಅವನೇ. ದೇಸಾಯರು ಹಾಳೆಯನ್ನು ಪೂರ್ತಿ ಬಿಚ್ಚಿ ಕೂಡ ನೋಡದೆ ಮೂಲೆಯಲ್ಲಿ ಸಹಿ ಗೀಚುತ್ತಿದ್ದರು.

"ನಾಳೆ ವೃತ್ತಿಧರ್ಮದ ತರಬೇತಿ ಅದ. ಹಾಜರಿ ಇಲ್ಲಂದ್ರ ನನ್ನ ಲೈಸೆನ್ಸ್ ಮುಂದುವರಿಯೂದಿಲ್ಲ," ಎಂದರು ದೇಸಾಯರು. "ನನ್ನ ಹೆಸರಿಲೆ ನೀನ ಹೋಗಿ ಕುಂತು ಬಾ."

"ಇದೊಂದಾದ್ರೂ ನೀವ ಮಾಡ್ರಿ, ಸರ."

"ಹೇಳಿದಷ್ಟು ಮಾಡು."

ಮರುಳಸಿದ್ದ ಹಲ್ಲು ಕಚ್ಚಿಕೊಂಡು ಹೋದ. ನಲವತ್ತು ಆರ್ಕಿಟೆಕ್ಟರ ನಡುವೆ ದಿನವಿಡೀ ಒಳಗೊಳಗೇ ಕುದಿಯುತ್ತ ಕೂತ. ಸಂಜೆ ಉಪನ್ಯಾಸಕರು ಕೊನೆಯದಾಗಿ ಕೇಳಿದರು:

"ಎದಿ ಮುಟ್ಟಿಕೊಂಡು ಹೇಳ್ರಿ. ಇನ್ನೊಬ್ಬರು ಮಾಡಿದ ನಕ್ಷೆಗೆ ತಮ್ಮದಂತ ಒಮ್ಮೆಯೂ ಸಹಿ ಹಾಕದವರು ಯಾರಾದ್ರೂ ಇದ್ರ ಕೈ ಎತ್ರಿ."

ಎಲ್ಲರೂ ನೆಲ ನೋಡಿದರು. ಮರುಳಸಿದ್ದನ ಕೈಯೊಂದೇ ತಾನಾಗಿ ಮೇಲೆದ್ದಿತು.

"ಭಲೇ! ಇಂಥವರು ಒಬ್ಬರಾದ್ರೂ ಅದಾರಲ್ಲ!" ಉಪನ್ಯಾಸಕರು ಚಪ್ಪಾಳೆ ತಟ್ಟಿದರು. ಸಭೆಯೆಲ್ಲ ತಟ್ಟಿತು. "ತಮ್ಮ ಹೆಸರು ಹೇಳ್ರಿ, ಎಲ್ಲರೂ ಕೇಳಲಿ."

ಮರುಳಸಿದ್ದ ಎದ್ದು ನಿಂತ.

"ಪ್ರಹ್ಲಾದ ದೇಸಾಯಿ," ಎಂದ.