ಬುಧವಾರದ ಬಾಗಿಲು

ಚನ್ನೇಶ್ ಸ್ವಿಚ್ ಒತ್ತಿದ. ಕಟಿಂಗ್ ಮಿಷನ್ನು ಗುಂಯ್ ಅಂದಿತು. ಗರಗಸದ ಬಿಲ್ಲೆ ಮಾತ್ರ ಅಲ್ಲಾಡಲಿಲ್ಲ.

"ನೋಡಿ ಸ್ವಾಮಿ, ಬೆಳಗ್ಗೆಯಿಂದ ಹಿಂಗೇ," ಎಂದ, ಆದಷ್ಟೂ ದುಃಖದ ಮುಖ ಮಾಡಿಕೊಂಡು.

ಮಿಷನ್ನಿಗೆ ಏನಾಗಿದೆ ಅನ್ನುವುದು ತುಮಕೂರಿನ ಇಡೀ ಮರಳೂರಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಮೋಟರನ್ನು ಎಬ್ಬಿಸಿ ಓಡಿಸುವ ಕಂಡೆನ್ಸರಿನ ವೈರನ್ನು ಬೆಳಗ್ಗೆ ಆರು ಗಂಟೆಗೆ ಕತ್ತರಿಸಿದವನು ಅವನೇ.

ಕಾರಣ ಮರದ ಹೊಟ್ಟಿನ ಗುಡ್ಡೆಯ ಕೆಳಗೆ ಮಲಗಿತ್ತು. ಲಕ್ಷ್ಮೀನರಸಿಂಹಯ್ಯನವರ ಹೊಸ ಮನೆಯ ಹೆಬ್ಬಾಗಿಲಿಗೆಂದು ತಂದ ಎರಡು ತೇಗದ ಕಂಬಗಳನ್ನು ಬಚ್ಚಲುಮನೆ ಬಾಗಿಲಿನ ಅಳತೆಗೆ ಕೊಯ್ದುಬಿಟ್ಟಿದ್ದ. ಒಂದು ಗೇಣು ಗಿಡ್ಡ. ಹೊಸ ತೇಗ ಬರುವುದು ಶನಿವಾರ. ಬಾಗಿಲು ನಿಲ್ಲಿಸುವ ಮುಹೂರ್ತ ಬುಧವಾರ ಬೆಳಗ್ಗೆ. ಇವತ್ತಾಗಲೇ ಸೋಮವಾರ.

ನಿಜ ಹೇಳಿಬಿಡಬಹುದಿತ್ತು. ಆದರೆ ಚನ್ನೇಶ್ ಕಣ್ಣಲ್ಲಿ ಅಳೆದರೆ ಟೇಪೇ ಅಳತೆ ತಿದ್ದಿಕೊಳ್ಳುತ್ತೆ ಎಂದು ಇಪ್ಪತ್ತು ವರ್ಷದಿಂದ ಊರಿಗೆಲ್ಲ ಸಾರಿದವನು ಅವನೇ. ಈ ಸುದ್ದಿ ಹೊರಬಿದ್ದರೆ ಮುಂದೆ ಅವನ ಕೈಲಿ ಒಂದು ಈಳಿಗೆ ಮಣೆ ಮಾಡಿಸುವವರೂ ಇರುವುದಿಲ್ಲ.

ಹಾಗಾಗಿ ಮಿಷನ್ ಕೆಟ್ಟಿದೆ ಎಂದು ಲಕ್ಷ್ಮೀನರಸಿಂಹಯ್ಯನವರಿಗೆ ಫೋನು ಮಾಡಿದ್ದ. ಯಜಮಾನರು ನಾಲ್ಕು ಮಾತು ಬೈದು ಸುಮ್ಮನಾಗುತ್ತಾರೆ ಅಂದುಕೊಂಡಿದ್ದ. ಅವರು ಬೈಯಲಿಲ್ಲ. ಒಂದೂವರೆ ಗಂಟೆಯೊಳಗೆ ಗುಬ್ಬಿಯಿಂದ ಬೈಕಿನಲ್ಲಿ ಬಂದಿಳಿದರು. ಹಿಂದಿನ ಸೀಟಿನಲ್ಲಿ ಮೋಟರ್ ಮೆಕ್ಯಾನಿಕ್ ಬೆಟ್ಟಯ್ಯ, ತೊಡೆಯ ಮೇಲೆ ಸಾಮಾನಿನ ಚೀಲ.

"ನಮ್ಮೂರ್ ಫ್ಲೋರ್ ಮಿಲ್ ಮೋಟ್ರು ಹತ್ತೊರ್ಷದಿಂದ ಸತ್ತು ಬಿದ್ದಿತ್ತು ಕಣಪ್ಪ," ಎಂದ ಬೆಟ್ಟಯ್ಯ ಚೀಲ ಬಿಚ್ಚುತ್ತಾ. "ನಾನು ಮುಟ್ಲೂ ಇಲ್ಲ, ಬರೀ ಬೈದೆ. ಕರೆಂಟಿಲ್ದಲೇ ಮೂರು ಮೂಟೆ ರಾಗಿ ಬೀಸ್ತು."

ಚನ್ನೇಶ್ ಹೊಟ್ಟಿನ ಗುಡ್ಡೆಗೆ ಅಡ್ಡವಾಗಿ ನಿಂತುಕೊಂಡ.

ಇನ್ನೊಂದು ಆಪತ್ತು ಯಜಮಾನರ ಜೇಬಿನಲ್ಲಿತ್ತು. ಫೋನಿನಲ್ಲಿ ಅವರ ಹೆಂಡತಿ ಸಿದ್ದಲಕ್ಷ್ಮಮ್ಮ. ಮಂಡಿನೋವಿನಿಂದ ಎರಡು ತಿಂಗಳಾಯಿತು, ಆಕೆ ಮಾರ್ಕೋನಹಳ್ಳಿ ಹತ್ತಿರದ ಸೈಟಿನ ಕಡೆ ತಲೆಹಾಕಿರಲಿಲ್ಲ. ಕೂತಲ್ಲಿಂದಲೇ ಮುಹೂರ್ತ ಇಡಿಸಿ, ನೂರೈವತ್ತು ಜನಕ್ಕೆ ಹೇಳಿಕಳಿಸಿದ್ದರು.

"ಸ್ಪೀಕರ್ ಹಾಕಿದೀನಿ ಕಣೇ, ನೀನೇ ಕೇಳುಸ್ಕೋ," ಎಂದರು ಯಜಮಾನರು.

"ಅಲ್ಲಾ, ತುಮಕೂರಲ್ಲಿ ಇರೋದು ಅದೊಂದೇ ಮಿಷನ್ನಾ? ಬೇರೆ ಕಡೆ ಕೊಯ್ಸಿ."

"ವೀಳ್ಯ ತಗೊಂಡಿರೋನು ಚನ್ನೇಶ. ಹೆಬ್ಬಾಗ್ಲು ಕೆಲ್ಸ ಕೈ ಬದಲಾಯಿಸ್ಬಾರ್ದು ಅಂತ ನೀನೇ ತಾನೆ ಹೇಳಿದ್ದು?"

ಸಿದ್ದಲಕ್ಷ್ಮಮ್ಮ ಪಟ್ಟು ಬಿಡಲಿಲ್ಲ. "ಹಂಗಾರೆ ಕೈಗರಗಸ ತಗೊಳ್ಲಿ. ಏನ್ಲಾ ಚನ್ನೇಶ, ಕೈಗರಗಸ ಇಲ್ವಾ ನಿನ್ನತ್ರ?"

ಚನ್ನೇಶ್ ಬಾಯಿ ತೆರೆಯುವ ಮೊದಲೇ ಯಜಮಾನರು ನುಗ್ಗಿದರು. "ಆ ತೇಗಕ್ಕೆ ಕೈಗರಗಸನಾ? ಹಲ್ಲೆಲ್ಲ ಉದುರೋಗ್ತವೆ. ಸುಮ್ನಿರೇ ನೀನು."

ಎಂಥ ದೊಡ್ಡ ಮನುಷ್ಯ, ಅಂದುಕೊಂಡ ಚನ್ನೇಶ್. ಇಂಥವರಿಗೆ ಮೋಸ ಮಾಡುತ್ತಿದ್ದೇನಲ್ಲ.

ಬೆಟ್ಟಯ್ಯ ಪ್ಲಗ್ಗಿಗೆ ಟೆಸ್ಟರ್ ಇಟ್ಟ. ಕರೆಂಟಿತ್ತು. ಫ್ಯೂಸ್ ನೋಡಿದ, ಸರಿಯಿತ್ತು. ಬೆಲ್ಟು ಬಿಚ್ಚಿ ಪುಲ್ಲಿ ತಿರುಗಿಸಿದ, ಬುಗುರಿಯ ಹಾಗೆ ತಿರುಗಿತು. ಸ್ವಿಚ್ ಹಾಕಿ ಕಿವಿಯಿಟ್ಟು ಕೇಳಿದ. ಗುಂಯ್. ಇಂಥ ಹೊತ್ತಿನಲ್ಲಿ ಪುಲ್ಲಿಯನ್ನು ಕೈಯಲ್ಲಿ ಒಂದು ಸುತ್ತು ತಳ್ಳಿದರೆ ಮೋಟರ್ ಎದ್ದು ಓಡುತ್ತದೆ. ಅದು ಕಸುಬಿನವರಿಗೆಲ್ಲ ಗೊತ್ತು. ಬೆಟ್ಟಯ್ಯನ ಕೈ ಪುಲ್ಲಿಯತ್ತ ಹೋಯಿತು. ಚನ್ನೇಶ್ ಕಣ್ಣು ಮುಚ್ಚಿಕೊಂಡ.

ಬೆಟ್ಟಯ್ಯ ಕೈ ಹಿಂದಕ್ಕೆ ತೆಗೆದ. ಸ್ವಿಚ್ ಆರಿಸಿ, ಕಂಡೆನ್ಸರಿನ ಮುಚ್ಚಳ ಬಿಚ್ಚಿದ.

ಕತ್ತರಿಸಿದ ವೈರಿನ ತಾಮ್ರ ಹೊಸ ಕಾಸಿನಂತೆ ಹೊಳೆಯುತ್ತಿತ್ತು. ಬೆಟ್ಟಯ್ಯ ಅದನ್ನು ನೋಡಿದ. ಚನ್ನೇಶನನ್ನು ನೋಡಿದ. ಯಜಮಾನರನ್ನೂ ನೋಡಿದ. ಮುಚ್ಚಳ ಹಾಕಿ ಸ್ಕ್ರೂ ಬಿಗಿ ಮಾಡಿದ.

"ಒಳಗೆ ಕಾಯಿಲ್ ಸುಟ್ಟು ಬೂದಿಯಾಗದೆ."

"ಹೌದೌದು, ಬಂದಾಗ್ಲೇ ವಾಸ್ನೆ ಹೊಡೀತು," ಎಂದು ಮೂಗು ಮುಚ್ಚಿಕೊಂಡರು ಯಜಮಾನರು. ಅಲ್ಲಿ ತೇಗದ ಘಮ ಬಿಟ್ಟು ಬೇರೇನೂ ಇರಲಿಲ್ಲ.

"ಎಷ್ಟ್ ದಿನ ಬೇಕಪ್ಪಾ?" ಫೋನು ಕೇಳಿತು.

"ಒಂದು ತಿಂಗ್ಳು ಕಣಕ್ಕ."

ಚನ್ನೇಶ್ ಬೆಚ್ಚಿದ. ಸುಟ್ಟ ಕಾಯಿಲಿಗೆ ಹೊಸ ತಂತಿ ಸುತ್ತಲು ಎರಡು ದಿನ ಸಾಕು. "ತಿಂಗ್ಳಾ? ಶನಿವಾರಕ್ಕೆ ಆಗಲ್ವಾ ಅಣ್ಣ?"

"ಮಿಷನ್ ಬಿಚ್ಚಿ ನೋಡ್ದೋನು ನಾನೋ ನೀನೋ?" ಬೆಟ್ಟಯ್ಯ ಗದರಿದ. "ಇದರ ತಾಮ್ರದ ತಂತಿ ಇಲ್ಲೆಲ್ಲೂ ಸಿಗಾಕಿಲ್ಲ ಅಕ್ಕ. ಹಡಗಲ್ಲಿ ಬರ್ಬೇಕು. ಸಮುದ್ರ ಶಾಂತವಾಗಿದ್ರೆ ತಿಂಗ್ಳು, ಇಲ್ದಿದ್ರೆ ನಲ್ವತ್ ದಿನ."

ಯಜಮಾನರು ನಿಟ್ಟುಸಿರು ಬಿಟ್ಟರು. ಅದು ತುಂಬ ಉದ್ದವಾಗಿತ್ತು.

"ಸರಿ ಬುಡಿ," ಎಂದಿತು ಫೋನು ಕೊನೆಗೆ. "ಐನೋರ್ನ ಕೇಳಿ ಮುಂದಿನ್ ತಿಂಗ್ಳು ಬೇರೆ ದಿನ ಇಡಿಸ್ತೀನಿ. ಲೋ ಚನ್ನೇಶ, ನಿನ್ ಮೋಟ್ರು ಹುಷಾರಾಗ್ಲಿ ಅಂತ ಹರಕೆ ಹೊತ್ಕೋತೀನಿ ಕಣೋ."

ಲೈನ್ ಕಟ್ಟಾಯಿತು. ಯಜಮಾನರು ಚನ್ನೇಶನ ಬೆನ್ನು ತಟ್ಟಿ, "ನಿಧಾನಕ್ಕೆ ಮಾಡುಸ್ಕೋ, ಅವಸರ ಏನಿಲ್ಲ," ಎಂದು ಬೈಕ್ ತಿರುಗಿಸಲು ಹೊರಗೆ ಹೋದರು.

ಚನ್ನೇಶ್ ಬೆಟ್ಟಯ್ಯನ ಎರಡೂ ಕೈ ಹಿಡಿದುಕೊಂಡ. ಕಣ್ಣು ತುಂಬಿ ಬಂದಿತ್ತು. "ಕಟ್ ಮಾಡಿದ್ ವೈರ್ ನೋಡಿನೂ ಬಾಯಿ ಬಿಡ್ಲಿಲ್ಲ ನೀವು. ನನ್ ಮಾನ ಉಳಿಸ್ದ್ರಿ ಅಣ್ಣ."

"ನಿನ್ ಮಾನ ಯಾರಿಗ್ ಬೇಕಿತ್ತು ಬುಡಪ್ಪ," ಎಂದ ಬೆಟ್ಟಯ್ಯ ಚೀಲ ಹೆಗಲಿಗೇರಿಸುತ್ತಾ. "ಮಿಷನ್ ಏನಾರ ಎದ್ರೆ ನನ್ನ ಸುಮ್ನೆ ಬುಡಾಕಿಲ್ಲ ಅಂತ ದಾರಿಯುದ್ದಕ್ಕೂ ಹೆದರ್ಸ್ಕೊಂಡೇ ಕರ್ಕೊಂಡ್ ಬಂದವ್ರೆ ನಿಮ್ ಸ್ವಾಮೇರು, ಆ ಸೈಟಲ್ಲಿ ಇನ್ನೂ ಪಾಯನೇ ತೋಡ್ಸಿಲ್ವಂತೆ."