ಬಾವ್ಯಾಗ ಬಿದ್ದಾಕಿ

ಸೆರಗಿನ ಗಂಟು ಬಿಚ್ಚಿ ಪ್ರೇಮವ್ವ ಪೆನ್‌ಡ್ರೈವ್ ತೆಗೆದು ತೋರಿಸಿದಾಗ ದೀಪಾಲಿಗೆ ಅನುಮಾನ ಗಟ್ಟಿಯಾಯಿತು. ರಾಣೆಬೆನ್ನೂರು, ಬ್ಯಾಡಗಿಯಲ್ಲಿ ತನ್ನ ರಾಕ್ ಬ್ಯಾಂಡಿಗೆ ಕುಣಿದವರೆಲ್ಲ ಕಾಲೇಜಿನವರು. ಇವತ್ತು ಹಾವೇರಿಯಲ್ಲಿ ಹಾಡು ಶುರುವಾಗುವ ಮೊದಲೇ ಎರಡು ಸಾಲು ತುಂಬಿ ಕೂತವರು ಈ ಪ್ರೇಮವ್ವನ ಜೊತೆ ಬಂದ ಕರ್ಜಗಿಯ ರೈತ ಹೆಂಗಸರು. ಗೇಲಿ ಮಾಡಲಿಕ್ಕೇ ಬಂದಿರಬೇಕು. “ಯಾರು ಕಳ್ಸ್ಯಾರ ನಿಮ್ಮನ್ನ?” ಎಂದಳು.

“ಯಾರೂ ಕಳ್ಸಿಲ್ಲವ್ವ. ಇದರಾಗ ನಿನ್ನ ಹಾಡು ಐತಿ. ಗೋವಿನಜೋಳದ ಹೊಲಕ್ಕ ಕಾಡಹಂದಿ ಬಂದ್ವಂದ್ರ ಸ್ಪೀಕರಿಗೆ ಹಚ್ತೇವಿ. ‘ಬಾವ್ಯಾಗ ಬಿದ್ದೇನಿ, ಮ್ಯಾಲೆತ್ರೋ’ ಅಂತ ನೀ ಚೀರಿದಿ ಅಂದ್ರ ಒಂದೂ ನಿಲ್ಲಂಗಿಲ್ಲ ನೋಡು!”

ಡ್ರಮ್ಮಿನ ಹಿಂದಿನಿಂದ ಹೇಮಂತ ಹೊಟ್ಟೆ ಹಿಡಿದುಕೊಂಡು ನಕ್ಕ. “ಹಂದಿಗೂ ಸೇರಲಿಲ್ಲಲೇ ನಮ್ಮ ಹಾಡು!” ದೀಪಾಲಿಗೆ ಅವಮಾನವಾಯಿತು. ಅಜ್ಜಿ ಹೇಳಿದ, ಬಾವಿಗೆ ಬಿದ್ದವಳ ಕಥೆಯನ್ನು ಅವಳು ವರ್ಷವಿಡೀ ತಿದ್ದಿ ಹಾಡು ಮಾಡಿದ್ದಳು. ಆ ಒಂದು ಕೂಗಿಗೆ ಗಂಟಲು ಹರಿದುಕೊಂಡಿದ್ದಳು. ತನ್ನ ಹಾಡನ್ನು ನಿಜಕ್ಕೂ ಯಾರಾದರೂ ಕೇಳುತ್ತಾರೆಯೇ? ಮೈಕನ್ನು ಅಲ್ಲೇ ಇಟ್ಟು ಹೋಗಿಬಿಡಬೇಕು ಅನ್ನಿಸಿತು. “ಹಂಗಾರ ಇಲ್ಲಿಗ್ಯಾಕ ಬಂದ್ರಿ? ಇಲ್ಲೇನು ಹಂದಿ ಅದಾವೇನು?”

ಪ್ರೇಮವ್ವ ನಗಲಿಲ್ಲ. “ನಮ್ಮ ಸೊಸಿ ಆ ಚೀರಾಟ ಅಷ್ಟೇ ಕತ್ತರಿಸಿ ಇದರಾಗ ತುಂಬ್ಯಾಳ. ಎರಡು ತಿಂಗಳಾತು, ಆ ಹೆಣ್ಣುಮಗಳು ಬಾವ್ಯಾಗಿಂದ ಒಂದ ಸವನ ಕೂಗಾಕತ್ತಾಳ. ಕೇಳಿ ಕೇಳಿ ನಮಗ ಬಾಯಿಗೆ ತುತ್ತು ಸೇರವಲ್ದು. ಖರೇ ಹೇಳು ತಂಗಿ, ಕಡೀಕ ಯಾರರ ಆಕೀನ್ನ ಮ್ಯಾಲೆತ್ತಿದ್ರೋ, ಇಲ್ಲೋ?”

ಎರಡೂ ಸಾಲಿನ ಹೆಂಗಸರು ದೀಪಾಲಿಯ ಮುಖವನ್ನೇ ನೋಡುತ್ತಿದ್ದರು.

“ಕುಂದ್ರಿ ಯವ್ವಾ,” ಎಂದಳು ಅವಳು. “ಪೂರಾ ಹಾಡ್ತೇನಿ.”