ಎರವಲು ದನಿ

ವಯಸ್ಸಾದ ಗಾಯಕರಿಗೆ ಕೇಳುಗರೊಬ್ಬರು ಕಚೇರಿ ಮುಗಿಯುವವರೆಗೆ ತಮ್ಮ ದನಿಯನ್ನು ಎರವಲು ಕೊಡುವುದು ಧಾರವಾಡದ ರೂಢಿ. ಆ ಸಂಜೆ ಬಸ್ ಕಂಡಕ್ಟರ್ ಕಸ್ತೂರಿಯ ಸರದಿ.

“ನಂದು ಒಡಕು ದನಿರೀ. ಮಂದಿ ನಿಮ್ಮನ್ನ ನೋಡಿ ನಗ್ತಾರ,” ಎಂದು ಅವಳು ಹಿಂಜರಿದಳು.

“ನಗಲಿ ಬಿಡವ್ವಾ, ಕೊಡು,” ಎಂದರು ಅಂದು ಹಾಡಬೇಕಿದ್ದ ಹಿರಿಯ ಗಾಯಕಿ ನಳಿನಿಬಾಯಿ.

ಕಸ್ತೂರಿ ದನಿ ಕೊಟ್ಟು, ಮೂಕಳಾಗಿ ಮುಂದಿನ ಸಾಲಿನಲ್ಲಿ ಕುಳಿತಳು. ನಳಿನಿಬಾಯಿ ತಾವೇ ಕಟ್ಟಿದ ಹೊಸ ಬಂದಿಶ್ ಹಾಡತೊಡಗಿದರು. ದನಿಯ ಒಡಕನ್ನು ಮುಚ್ಚಲು ಹೋಗದೆ, ಅದರ ಮೇಲೆಯೇ ಬಹಳ ಹೊತ್ತು ನಿಂತರು. ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಣ್ಣೊರೆಸಿಕೊಂಡರು.

ಕಚೇರಿ ಮುಗಿದ ಮೇಲೆ ದನಿ ಮರಳಿಸುತ್ತ ನಳಿನಿಬಾಯಿ ಗದರಿದರು: “ಇಂಥಾದ್ದನ್ನ ‘ಹುಬ್ಬಳ್ಳಿ, ಹುಬ್ಬಳ್ಳಿ’ ಅಂತ ಒದರಿ ಸವೆಸಾಕತ್ತೀಯಲ್ಲ, ಹುಚ್ಚಿ!”

ಗಂಟಲಲ್ಲಿ ದನಿ ಇನ್ನೂ ಬೆಚ್ಚಗಿತ್ತು. ಕಸ್ತೂರಿ ಕೃತಜ್ಞತೆಯಿಂದ ಕೈಮುಗಿದಳು. ಬೀದಿಗೆ ಬಂದ ಮೇಲೆ ಮೆಲ್ಲಗೆ ತನ್ನ ಹೆಸರನ್ನೇ ಕರೆದು, ನಿಂತು ಕೇಳಿಸಿಕೊಂಡಳು.